ಪರ-ವಿರೋಧ: ರಜೆಯ ದಿನ ಬರ್ಮಾ ಊಟ, ಬೋಬಾ, ಕಾಫಿ ಹೌಸ್ ನಮ್ಮ ಮನೆಗಳಿಗೆ ಬೇಕೇ?

ಮೋಮೊ, ಜಪಾನಿನ ರಾಮೆನ್, ಬರ್ಮಾದ ಖಾವ್ ಸ್ವೇ, ಅದರ ಮೇಲೊಂದು ಐಸ್‌ಕ್ರೀಂ, ಕೊನೆಗೆ ಕಾಫಿ. ರಜೆ ಬಂತೆಂದರೆ ಬೆಂಗಳೂರಿನ ಸಂಸಾರಗಳು ಈಗ ಹೀಗೆ ಹೊರಗೆ ಉಣ್ಣಲು ಹೊರಡುತ್ತವೆ. ಈ ರೂಢಿ ಒಳ್ಳೆಯದೇ?

ಪರ: ಒಲೆಯ ಮುಂದೆ ನಿಂತವಳೂ ಬಿಸಿಯಾಗಿ ಉಣ್ಣಲಿ

ನಮ್ಮ ಮನೆಯಲ್ಲಿ ದೋಸೆ ಮಾಡಿದ ದಿನ ಮೊದಲನೆಯ ದೋಸೆ ನನ್ನದು, ಕೊನೆಯದೂ ನನ್ನದು. ಮೊದಲನೆಯದು ಕಾವಲಿ ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ನೋಡಲು ಹೊಯ್ದದ್ದು, ಅಂಚು ಹರಿದಿರುತ್ತದೆ. ಕೊನೆಯದು ಪಾತ್ರೆಯ ತಳ ಬಳಿದು ಹೊಯ್ದದ್ದು. ಅದನ್ನು ತಟ್ಟೆಗೆ ಹಾಕಿಕೊಂಡು ಕೂರುವ ಹೊತ್ತಿಗೆ ಚಟ್ನಿ ಮುಗಿದಿರುತ್ತದೆ, ಮಕ್ಕಳು ಕೈ ತೊಳೆದಿರುತ್ತಾರೆ. ಮದುವೆಯಾದ ಇಪ್ಪತ್ತಾರು ವರ್ಷಗಳಿಂದ ಈ ಲೆಕ್ಕ ಬದಲಾಗಿಲ್ಲ. ಮನೆಯವರು ಒಳ್ಳೆಯವರೇ. ‘ನೀನೂ ಬಾ, ಒಟ್ಟಿಗೆ ತಿನ್ನೋಣ’ ಎಂದು ಕರೆಯುತ್ತಾರೆ. ಕಾವಲಿ ಉರಿಯ ಮೇಲಿರುವಾಗ ಹೋಗಿ ಕೂರುವುದು ಹೇಗೆ?

ನನಗಿಂತ ಮೊದಲು ಅದೇ ಒಲೆಯ ಮುಂದೆ ನನ್ನ ಅತ್ತೆ ನಿಂತಿದ್ದರು. ಅವರಿಗಿಂತ ಮೊದಲು ಅವರ ಅತ್ತೆ, ಸೌದೆ ಒಲೆಯ ಮುಂದೆ. ‘ಮನೆಯ ಊಟಕ್ಕಿಂತ ಮಿಗಿಲಾದದ್ದು ಉಂಟೇ’ ಎಂದು ಯಾರಾದರೂ ಹೇಳಿದಾಗ ನನಗೆ ಮೊದಲು ಹೊಳೆಯುವ ಪ್ರಶ್ನೆ, ಇವರ ಮನೆಯಲ್ಲಿ ಕೊನೆಗೆ ಕೂರುವವರು ಯಾರು ಎನ್ನುವುದು. ತಿಂಗಳಿಗೊಮ್ಮೆ ನಾವು ಹೊರಗೆ ಹೋಗುತ್ತೇವೆ. ಆ ದಿನ ಐದು ಜನವೂ ಒಂದೇ ಸಲಕ್ಕೆ, ಒಂದೇ ಮೇಜಿನಲ್ಲಿ, ಬಿಸಿಯಾಗಿ ಉಣ್ಣುತ್ತೇವೆ. ನನ್ನ ವಾದವೆಲ್ಲ ಇಷ್ಟೇ. ಉಳಿದದ್ದು ಇದರ ವಿವರ.

ಹೊರಗೆ ಹೋಗುವುದಾದರೆ ನಮ್ಮ ಹೋಟೆಲುಗಳಿಲ್ಲವೇ, ಬರ್ಮಾ ಯಾಕೆ, ಜಪಾನ್ ಯಾಕೆ ಎನ್ನುತ್ತಾರೆ. 1924ರಿಂದ ನಡೆದು ಬಂದ ಎಂಟಿಆರ್ ಇದೆ, 1943ರ ವಿದ್ಯಾರ್ಥಿ ಭವನ ಇದೆ, ಬೀದಿಗೊಂದು ದರ್ಶಿನಿ ಇದೆ. ಇವುಗಳ ಮೇಲೆ ನನಗೂ ಅಷ್ಟೇ ಪ್ರೀತಿ. ಆದರೆ ದರ್ಶಿನಿಯಲ್ಲಿ ನಿಂತು ತಿನ್ನಬೇಕು. ಮಂಡಿ ನೋವಿರುವ ಹಿರಿಯರನ್ನು ಕರೆದುಕೊಂಡು ಹೋಗಿ, ಎತ್ತರದ ಕಟ್ಟೆಯ ಮೇಲೆ ಎರಡು ಇಡ್ಲಿ ಇಟ್ಟುಕೊಂಡು, ಹಿಂದೆ ತಟ್ಟೆ ಹಿಡಿದು ಕಾಯುವವರ ಕಣ್ಣೆದುರು ಎಷ್ಟು ಹೊತ್ತು ಮಾತಾಡಲು ಸಾಧ್ಯ? ಇನ್ನೊಂದು ಕಾರಣ ಹೆಂಗಸರಿಗೆ ಮಾತ್ರ ಅರ್ಥವಾಗುತ್ತದೆ. ನಮ್ಮದೇ ತಿಂಡಿ ತಿನ್ನಲು ಹೋದರೆ ಮೇಜಿನಲ್ಲಿ ಎಲ್ಲರೂ ಪಂಡಿತರು. ಸಾಂಬಾರಿಗೆ ಬೆಲ್ಲ ಜಾಸ್ತಿ, ಪಲ್ಯಕ್ಕೆ ಅರಿಸಿನ ಕಡಿಮೆ, ‘ನಮ್ಮ ಅಮ್ಮ ಮಾಡುವ ಹಾಗಿಲ್ಲ’. ಆ ಹೋಲಿಕೆಯ ಕೊನೆಯ ಏಟು ಬೀಳುವುದು ಮನೆಯಲ್ಲಿ ಮರುದಿನ ಸಾಂಬಾರು ಮಾಡುವವಳ ಮೇಲೆ. ಬರ್ಮಾದ ಊಟಕ್ಕೆ ನಮ್ಮ ಮನೆಯಲ್ಲಿ ಪಂಡಿತರಿಲ್ಲ. ಅತ್ತೆಗೂ ಗೊತ್ತಿಲ್ಲ, ಸೊಸೆಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ. ಎಲ್ಲರೂ ಒಂದನೆಯ ತರಗತಿಯ ಮಕ್ಕಳಂತೆ ಬಟ್ಟಲಿನೊಳಗೆ ಇಣುಕಿ ನೋಡುತ್ತೇವೆ.

ಹೋದ ವರ್ಷ ಅತ್ತೆಗೆ ಎಪ್ಪತ್ತೆಂಟು ತುಂಬಿದಾಗ ನನ್ನ ಮಗಳು ಇಂದಿರಾನಗರದ ಒಂದು ಸಸ್ಯಾಹಾರಿ ಬರ್ಮಾ ಹೋಟೆಲಿನಲ್ಲಿ ಮೇಜು ಕಾದಿರಿಸಿದಳು. ಅತ್ತೆ ತೀರ್ಥಹಳ್ಳಿಯ ಕಡೆಯವರು. ‘ಅಲ್ಲಿ ನಾನು ತಿನ್ನುವಂಥದ್ದು ಏನಿರುತ್ತದೆ’ ಎಂದು ಚೀಲದಲ್ಲಿ ಮೊಸರನ್ನದ ಡಬ್ಬಿ ಇಟ್ಟುಕೊಂಡೇ ಹೊರಟರು.

ಮೊದಲು ಬಂದದ್ದು ಚಹಾ ಎಲೆಯ ಕೋಸಂಬರಿ. ಎಳೆಯ ಚಹಾ ಎಲೆಯನ್ನು ಹುಳಿ ಬರಿಸಿ, ಹುರಿದ ಕಾಳು, ಎಳ್ಳು, ಎಲೆಕೋಸು ಬೆರೆಸಿ ಕಲಸಿದ್ದು. ನಾವೆಲ್ಲ ಅನುಮಾನದಿಂದ ನೋಡುತ್ತಿದ್ದಾಗ ಅತ್ತೆ, ‘ಕೆಸುವಿನ ಎಲೆ, ಚಗಟೆ ಸೊಪ್ಪು ತಿಂದು ಬೆಳೆದವರು ನಾವು, ಅವರು ಚಹಾ ಎಲೆ ತಿಂದರೆ ತಪ್ಪೇನು’ ಎಂದು ಬಾಯಿಗೆ ಹಾಕಿಕೊಂಡರು. ಆಮೇಲೆ ಖಾವ್ ಸ್ವೇ ಬಂತು. ಅಗಲವಾದ ಬಟ್ಟಲಿನಲ್ಲಿ ಶ್ಯಾವಿಗೆಯಂಥ ಎಳೆಗಳು, ಮೇಲೆ ಹಳದಿ ಬಣ್ಣದ ತೆಂಗಿನ ಹಾಲಿನ ರಸ. ಸುತ್ತ ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಹುರಿದ ಬೆಳ್ಳುಳ್ಳಿ, ಕರಿದ ಈರುಳ್ಳಿ, ಕಡಲೆಕಾಯಿ ಬೀಜ, ಒಣಮೆಣಸಿನ ತರಿ, ನಿಂಬೆಹೋಳು, ಕೊತ್ತಂಬರಿ. ಬೇಕಾದದ್ದನ್ನು ಬೇಕಾದಷ್ಟು ನಾವೇ ಉದುರಿಸಿಕೊಳ್ಳಬೇಕು. ಅತ್ತೆ ಒಂದು ಚಮಚ ರಸವನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಕಡಲೆಹಿಟ್ಟು ಕದಡಿ ಹಾಕಿದ್ದಾರೆ, ಅದಕ್ಕೇ ಈ ಮಂದ’ ಎಂದರು. ಬಡಿಸುತ್ತಿದ್ದ ಹುಡುಗ ಹೌದೆಂದು ತಲೆಯಾಡಿಸಿದ. ‘ಇದು ಒತ್ತು ಶ್ಯಾವಿಗೆ ಕಾಯಿಹಾಲು. ಬೆಲ್ಲ ಹಾಕುವ ಕಡೆ ಖಾರ ಹಾಕಿದ್ದಾರೆ, ಅಷ್ಟೇ.’

ಅಲ್ಲಿಂದ ಅವರ ಮಾತು ನಿಲ್ಲಲಿಲ್ಲ. ತವರಿನಲ್ಲಿದ್ದ ಮರದ ಶ್ಯಾವಿಗೆ ಒರಳು, ಅದರ ಹಿಡಿಯ ಮೇಲೆ ಅಣ್ಣನನ್ನು ಕೂರಿಸಿ ಒತ್ತಿಸುತ್ತಿದ್ದದ್ದು, ಬೇಯಿಸಿದ ಹಿಟ್ಟಿನ ಉಂಡೆ ಆರಿಬಿಟ್ಟರೆ ಎಳೆ ಕೆಳಗಿಳಿಯುವುದಿಲ್ಲವೆಂದು ಅವರ ಅವ್ವ ಸುಡುವ ಉಂಡೆಯನ್ನೇ ಬರಿಗೈಯಲ್ಲಿ ಎತ್ತಿ ಹಾಕುತ್ತಿದ್ದದ್ದು. ಹನ್ನೆರಡು ಜನಕ್ಕೆ ಒತ್ತಿ ಮುಗಿಸುವಾಗ ಅವ್ವನ ಅಂಗೈ ಕೆಂಪಾಗಿರುತ್ತಿತ್ತಂತೆ. ಕೊನೆಗೆ ಅವ್ವನ ತಟ್ಟೆಗೆ ಉಳಿಯುತ್ತಿದ್ದದ್ದು ಒರಳಿನಲ್ಲಿ ಮೆತ್ತಿಕೊಂಡ ಹಿಟ್ಟು. ಇಪ್ಪತ್ತಾರು ವರ್ಷ ಒಂದೇ ಅಡುಗೆಮನೆಯಲ್ಲಿ ಜೊತೆಗಿದ್ದರೂ ಈ ಕತೆ ನನಗೆ ಗೊತ್ತಿರಲಿಲ್ಲ. ಅಡುಗೆಮನೆಯಲ್ಲಿ ನಾವು ಮಾತಾಡುವುದು ಕುಕ್ಕರಿನ ಕೂಗಿನ ಲೆಕ್ಕ, ಹಾಲಿನವನ ಲೆಕ್ಕ. ಇಬ್ಬರೂ ಎದುರುಬದುರು ಕೂತು, ಇಬ್ಬರ ಕೈಯೂ ಖಾಲಿಯಿದ್ದು, ಇಬ್ಬರ ತಟ್ಟೆಯಲ್ಲೂ ಬಿಸಿ ಇದ್ದದ್ದು ಅದೇ ಮೊದಲು ಎಂದು ನನಗೆ ಅನ್ನಿಸಿತು.

ಒಂದು ಮಾತನ್ನು ಮುಚ್ಚಿಡಲಾರೆ. ಏಳುವ ಮುಂಚೆ ಅತ್ತೆ ಆ ಹುಡುಗನನ್ನು ‘ನಿನ್ನ ಊಟ ಆಯಿತೇ ಮಗು’ ಎಂದು ಕೇಳಿದರು. ಅವನು ಈಶಾನ್ಯದ ಕಡೆಯ ಹುಡುಗ, ಕನ್ನಡದಲ್ಲೇ ‘ನಾಲ್ಕು ಗಂಟೆಗೆ, ಅಜ್ಜಿ’ ಎಂದ. ಅತ್ತೆ ನನ್ನ ಮುಖ ನೋಡಿದರು. ಬಡಿಸುವವರು ಕೊನೆಗೆ ಉಣ್ಣುವುದು ಅಲ್ಲಿಯೂ ತಪ್ಪಿಲ್ಲ. ಆದರೆ ಅವನಿಗೆ ಸಂಬಳವುಂಟು, ವಾರಕ್ಕೊಂದು ರಜೆಯುಂಟು. ಅತ್ತೆಯ ಅವ್ವನಿಗೆ ಅದು ಯಾವುದೂ ಇರಲಿಲ್ಲ.

ಪರದೇಶದ ಊಟ ಎಂಬ ಆಕ್ಷೇಪಕ್ಕೆ ಹೆಚ್ಚು ಮಾತು ಬೇಕಿಲ್ಲ. ಮೋಮೊ ಎಲ್ಲಿಯದು? ಟಿಬೆಟಿನಿಂದ ಬಂದವರಿಗೆ 1960ರ ದಶಕದಲ್ಲಿ ಬೈಲುಕುಪ್ಪೆಯಲ್ಲಿ, ಮುಂಡಗೋಡಿನಲ್ಲಿ ನೆಲ ಕೊಟ್ಟದ್ದು ನಮ್ಮದೇ ಮೈಸೂರು ರಾಜ್ಯ. ಅವರ ಮೊಮ್ಮಕ್ಕಳು ಈಗ ಬೆಂಗಳೂರಿನಲ್ಲಿದ್ದಾರೆ. ಹಬೆಯಲ್ಲಿ ಬೇಯಿಸಿದ ಆ ಕಡುಬು ಕುಶಾಲನಗರದ ಪಕ್ಕದ ಊರಿನ ತಿಂಡಿ. ಕಾಫಿ ಎಲ್ಲಿಯದು? ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದರೆಂದು ಚಿಕ್ಕಮಗಳೂರಿನವರು ಹೇಳುತ್ತಾರೆ. ಬರ್ಮಾದ ನಂಟೂ ಹೊಸದಲ್ಲ. ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಬರ್ಮಾವನ್ನು ಹಿಡಿದಾಗ ಅಲ್ಲಿಂದ ಅಕ್ಕಿ ಬರುವುದು ನಿಂತಿತು. ಅಕ್ಕಿಗೆ ತತ್ವಾರವಾದ ಆ ಯುದ್ಧದ ದಿನಗಳಲ್ಲೇ ರವೆ ಇಡ್ಲಿ ಹುಟ್ಟಿತೆಂದು ಎಂಟಿಆರ್‌ನವರು ಹೇಳುತ್ತಾರೆ.

ಖರ್ಚಿನ ಮಾತು ಎತ್ತುವವರನ್ನೂ ಬಲ್ಲೆ. ಮಗಳ ಮದುವೆಗೆ ಸಾವಿರ ಎಲೆ ಹಾಕಿಸಿ ಅರ್ಧ ಅನ್ನ ಚೆಲ್ಲಿಸುವಾಗ ಅವರಿಗೆ ಲೆಕ್ಕ ನೆನಪಿರುವುದಿಲ್ಲ.

ಊಟವಾದ ಮೇಲೆ ಮೊಮ್ಮಗ ಅಜ್ಜಿಗೆ ಬೋಬಾ ಟೀ ಕೊಡಿಸಿದ. ದಪ್ಪ ಕೊಳವೆಯಲ್ಲಿ ಎಳೆದಾಗ ಕಪ್ಪು ಮಣಿಯೊಂದು ಬಾಯಿಗೆ ಬಂದದ್ದೇ, ‘ಇದು ಸಬ್ಬಕ್ಕಿ’ ಎಂದರು. ನಿಜವೇ. ಎರಡನ್ನೂ ಮಾಡುವುದು ಮರಗೆಣಸಿನ ಹಿಟ್ಟಿನಿಂದ. ಅಲ್ಲಿಂದ ಕಾರ್ನರ್ ಹೌಸ್ ಐಸ್‌ಕ್ರೀಂ ಅಂಗಡಿಗೆ ಹೋಗಿ ಒಂದು ‘ಡೆತ್ ಬೈ ಚಾಕಲೇಟ್’ ತರಿಸಿ ಐದು ಚಮಚ ಹಾಕಿದೆವು. ಕೊನೆಗೆ ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸ್. 2009ರವರೆಗೆ ಅದು ಎಂ.ಜಿ. ರಸ್ತೆಯಲ್ಲಿತ್ತು. ನಮ್ಮ ಮದುವೆ ನಿಶ್ಚಯವಾದ ಮೇಲೆ ಮೊದಲ ಸಲ ನಾವಿಬ್ಬರೇ ಕೂತು ಮಾತಾಡಿದ್ದು ಅಲ್ಲಿ. ಪೇಟ ಸುತ್ತಿದ ಹಿರಿಯರೊಬ್ಬರು ಕಾಫಿ ತಂದಿಟ್ಟರು. ಅತ್ತೆ ಲೋಟ ಕೈಗೆತ್ತಿಕೊಂಡು, ಮೊದಲು ಬೇರೆ ಯಾರಿಗೆ ಕೊಡಬೇಕೆಂದು ಸುತ್ತ ನೋಡಿ, ಎಲ್ಲರ ಮುಂದೆಯೂ ಒಂದೊಂದು ಲೋಟ ಇರುವುದನ್ನು ಕಂಡು ಕುಡಿದರು.

ವಿರೋಧ: ಬಿಲ್ಲನ್ನೂ ನೋಡಿ, ಬಟ್ಟಲನ್ನೂ ನೋಡಿ

ನನಗೆ ವಿರೋಧದ ಕಡೆ ಬರೆಯಲು ಹೇಳಿದ್ದಾರೆ. ನಾನು ಪೂರ್ತಿ ವಿರೋಧಿಯಲ್ಲ, ಕಾಫಿ ಹೌಸುಗಳ ಬಗ್ಗೆಯಂತೂ ನನ್ನ ತಕರಾರಿಲ್ಲ. ಒಂದು ಲೋಟ ಕಾಫಿಗೆ ಒಂದು ಗಂಟೆ ಕೂರಲು ಬಿಡುವ ಜಾಗ ಈ ಊರಿಗೆ ಬೇಕು. ಆದರೆ ಹೊಸ ಹೋಟೆಲುಗಳ ಕುರಿತು ಹೇಳಬೇಕಾದ ಮಾತುಗಳಿವೆ.

ಮೊದಲನೆಯದು ಖರ್ಚು. ನಾವು ನಾಲ್ವರು ಒಂದು ಹೋಟೆಲಿನಲ್ಲಿ ಉಂಡ ದಿನ ಊಟದ ಬೆಲೆ 3,000 ರೂಪಾಯಿ. ಅದರ ಮೇಲೆ ಶೇ 10ರ ಸೇವಾ ಶುಲ್ಕ 300, ಒಟ್ಟಿನ ಮೇಲೆ ಶೇ 5ರ ಜಿಎಸ್‌ಟಿ 165. ಎಲ್ಲ ಸೇರಿ 3,465. ಇದೇ ಹಣದಲ್ಲಿ ನಾಲ್ವರೂ ಎರಡು ತಿಂಗಳ ಭಾನುವಾರಗಳಷ್ಟೂ ದರ್ಶಿನಿಯ ತಿಂಡಿ ತಿನ್ನಬಹುದು. ಜಿಎಸ್‌ಟಿ ಕಾನೂನು, ಕೊಡಲೇಬೇಕು. ಸೇವಾ ಶುಲ್ಕ ಹಾಗಲ್ಲ. ಗ್ರಾಹಕರನ್ನು ಕೇಳದೆ ಅದನ್ನು ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ನಾನು ಕೇಳಿದ ಮೇಲೆ ತೆಗೆದರು. ಕೇಳಲು ಸಂಕೋಚಪಡುವ ಎಷ್ಟು ಜನ ಕೊಟ್ಟು ಬರುತ್ತಾರೋ.

ಬಣ್ಣದ ವಿಷಯವೂ ಇದೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಬೇಕಾಯಿತು. ಚೀನಾದ ಹೆಸರಿಟ್ಟುಕೊಂಡು ನಮ್ಮ ಬೀದಿಗಳಲ್ಲಿ ಬೆಳೆದ ತಿಂಡಿಯ ಗತಿಯೇ ಹೀಗಾದರೆ, ಹೆಸರೂ ಗೊತ್ತಿಲ್ಲದ ತಿನಿಸಿನಲ್ಲಿ ಏನಿದೆಯೆಂದು ತಿಳಿಯುವುದು ಹೇಗೆ?

ಹೆಂಗಸರಿಗೆ ಬಿಡುವು ಸಿಗುತ್ತದೆ ಎಂಬ ಮಾತು ಬರುತ್ತದೆ. ಗಂಡಸರು ಅಡುಗೆ ಕಲಿಯಲಿ. ನಾನು ಕಲಿತಿದ್ದೇನೆ. ಇನ್ನು ಬಿಸಿಯಾಗಿ ಉಣ್ಣುವ ಮಾತು. ಈ ಹೋಟೆಲುಗಳನ್ನು ಮೆಚ್ಚುವವರು ಊಟ ಬಂದ ಮೇಲೆ ಎದ್ದು ನಿಂತು, ಬಟ್ಟಲನ್ನು ಅತ್ತ ಇತ್ತ ಸರಿಸಿ ಮೊಬೈಲಿನಲ್ಲಿ ಪಟ ತೆಗೆಯುತ್ತಾರೆ. ಆ ಹೊತ್ತಿಗೆ ಅದು ಆರಿರುತ್ತದೆ.

ನನ್ನ ನಿಜವಾದ ನೋವು ಬೇರೆ. ಅದೇ ದಿನ ಅಮ್ಮನಿಗೆಂದು ತರಕಾರಿ ಸೂಪ್ ಹೇಳಿದ್ದೆವು. ಮೆನುವಿನಲ್ಲಿ ತರಕಾರಿ ಎಂದೇ ಇತ್ತು. ನಾಲ್ಕು ಚಮಚ ಕುಡಿದ ಮೇಲೆ ಅಮ್ಮ, ‘ಇದರಲ್ಲಿ ಏನೋ ಬೇರೆ ವಾಸನೆ ಇದೆ’ ಎಂದರು. ನಾನು ಕೇಳಿದೆ. ಬಡಿಸುವವರಿಗೆ ಗೊತ್ತಿರಲಿಲ್ಲ, ಒಳಗೆ ಹೋಗಿ ವಿಚಾರಿಸಿ ಬಂದು, ಮೀನಿನ ಸಾಸ್ ಸ್ವಲ್ಪ ಬೀಳುತ್ತದೆ ಎಂದರು. ಅಮ್ಮ ಜನ್ಮದಲ್ಲಿ ಮೊಟ್ಟೆಯನ್ನೂ ಮುಟ್ಟಿದವರಲ್ಲ. ಚಮಚವನ್ನು ಮೆಲ್ಲಗೆ ಕೆಳಗಿಟ್ಟು, ಕರವಸ್ತ್ರದಿಂದ ಬಾಯಿ ಒರೆಸಿಕೊಂಡು, ಊಟ ಮುಗಿಯುವವರೆಗೂ ಕೈ ಮಡಚಿ ಕೂತರು. ‘ನೀವು ತಿನ್ನಿ’ ಎಂದರು. ಯಾರಿಗೆ ಸೇರುತ್ತದೆ?

ಥಾಯ್ ಅಡುಗೆಯಲ್ಲಿ ಉಪ್ಪಿನ ಕೆಲಸವನ್ನು ಬಹುಪಾಲು ಮೀನಿನ ಸಾಸ್ ಮಾಡುತ್ತದೆ. ಜಪಾನಿನ ಮಿಸೊ ಸೂಪಿಗೆ ಸಾಮಾನ್ಯವಾಗಿ ಒಣಮೀನಿನ ತುಣುಕುಗಳನ್ನು ನೆನೆಸಿದ ನೀರೇ ಆಧಾರ. ಅದು ಅವರ ಪದ್ಧತಿ, ಅದರಲ್ಲಿ ತಪ್ಪಿಲ್ಲ. ಮೀನು ತಿನ್ನುವ ನನ್ನ ಗೆಳೆಯರಿಗೆ ಅದೇ ರುಚಿ. ತಪ್ಪು ಇರುವುದು ಹೇಳದಿರುವುದರಲ್ಲಿ. ಹೊರಗಿನ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾಯ್ದೆಯೇ ಬಂತು, ಫಲಕಗಳು ಬದಲಾದವು. ಆ ದಿನ ನಮ್ಮ ಕೈಗೆ ಬಂದ ಹನ್ನೆರಡು ಪುಟದ ಮೆನುವಿನಲ್ಲಿ ಕನ್ನಡದ ಒಂದಕ್ಷರ ಇರಲಿಲ್ಲ. ‘ಇದರಲ್ಲಿ ಮೀನಿನ ಸಾಸ್ ಇದೆ’ ಎಂಬ ನಾಲ್ಕು ಪದ ಕನ್ನಡದಲ್ಲಿ ಇದ್ದಿದ್ದರೆ ಅಮ್ಮ ತಾವೇ ಓದಿಕೊಳ್ಳುತ್ತಿದ್ದರು. ಅವರು ದಿನಪತ್ರಿಕೆಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುವವರು.

ಹೊರಗೆ ಬಂದ ಮೇಲೆ ಬಸ್ ನಿಲ್ದಾಣದ ಪಕ್ಕದ ಅಯ್ಯಂಗಾರ್ ಬೇಕರಿಯಲ್ಲಿ ಅಮ್ಮನಿಗೆ ಖಾರ ಬನ್ ಕೊಡಿಸಿದೆ. ಅರ್ಧ ತಿಂದರು. ಅಂದಿನಿಂದ ಅವರು ನಮ್ಮ ಜೊತೆ ಊಟಕ್ಕೆ ಹೊರಗೆ ಬಂದಿಲ್ಲ.