ಎರವಲು ಹೋದ ಫಿಲೋ

ಎರವಲು ಕೊಟ್ಟ ಪುಸ್ತಕ ವಾಪಸು ಬರುವುದಿಲ್ಲ ಅನ್ನುವುದು ಎಲ್ಲರ ಗೋಳು. ನನ್ನದು ಬೇರೆ ಥರ. ನನ್ನ ಪುಸ್ತಕ ವಾಪಸು ಬಂತು. ಹೊಸ ಬೈಂಡು, ನೀಟಾದ ರಟ್ಟು, ಅಂಚಿನ ತುಂಬ ಪೆನ್ಸಿಲ್ ಟಿಪ್ಪಣಿ. ಮೊದಲ ಪುಟದಲ್ಲಿ ದುಂಡಗಿನ ಅಕ್ಷರದಲ್ಲಿ ಒಯ್ದವರ ಹೆಸರು! ಜಗಳ ಆಡಬೇಕೋ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗಲಿಲ್ಲ.

ಆಗ ನೆನಪಾದವನು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ತತ್ತ್ವಜ್ಞಾನಿ ಫಿಲೋ. ಹೆಚ್ಚುಕಡಿಮೆ ಯೇಸುವಿನ ಕಾಲದವನೇ. ಹುಟ್ಟಾ ಯೆಹೂದಿ, ಬರೆದದ್ದು ಗ್ರೀಕಿನಲ್ಲಿ, ಯೆಹೂದಿಗಳ ಮೋಶೆಯ ಗ್ರಂಥಗಳನ್ನು ಓದಿದ್ದು ಪ್ಲೇಟೋನ ಕನ್ನಡಕ ಹಾಕಿಕೊಂಡು. ಕ್ರಿ.ಶ. 38ರಲ್ಲಿ ಆ ಊರಿನ ಯೆಹೂದಿಗಳ ಮೇಲೆ ದಾಳಿಯಾದಾಗ, ರೋಮಿಗೆ ಹೋಗಿ ಕಲಿಗುಲಾನಂಥ ಕಲಿಗುಲಾ ಚಕ್ರವರ್ತಿಯ ಮುಂದೆ ತನ್ನವರ ಪರವಾಗಿ ನಿಂತವನು. ಉಳಿದಿರುವ ಅವನ ಬರಹದಲ್ಲಿ ಯೇಸುವಿನ ಸುದ್ದಿಯೇ ಇಲ್ಲ.

ಆದರೂ ಪಕ್ಕದ ಮನೆಯವರು, ಅಂದರೆ ಕ್ರೈಸ್ತರು, ಅವನನ್ನು ಎರವಲು ಒಯ್ದರು. ಬೈಬಲಿನ ಅಬ್ರಹಾಮನ ಮನೆಯ ದಾಸಿ ಹಾಗರಳು ಅಂದರೆ ಶಾಲೆಯ ಪಾಠ, ಹೆಂಡತಿ ಸಾರಳು ಅಂದರೆ ಜ್ಞಾನ ಎಂದಿದ್ದ ಫಿಲೋ. ಶಾಲೆಯ ಪಾಠದಲ್ಲಿ ಪಳಗದೆ ಜ್ಞಾನ ಫಲ ಕೊಡುವುದಿಲ್ಲ ಅಂತ. ಅದೇ ಊರಿನ ಕ್ರೈಸ್ತ ಪಂಡಿತ ಕ್ಲೆಮೆಂಟ್ ಇದನ್ನು ಎತ್ತಿಕೊಂಡು, ಗ್ರೀಕ್ ತತ್ತ್ವಜ್ಞಾನವನ್ನು ಕ್ರೈಸ್ತ ನಂಬಿಕೆಯ ದಾಸಿ ಮಾಡಿದ. ಪಾಪ, ಕ್ಲೆಮೆಂಟ್ ಇಲ್ಲಿ ಫಿಲೋನ ಹೆಸರು ಹೇಳಿಯೇ ಒಯ್ದ.

ಚರ್ಚಿನ ಇತಿಹಾಸ ಬರೆದ ಯುಸೀಬಿಯಸ್‌ನದು ಇನ್ನೂ ಜೋರು. ಮರಿಯೋಟಿಸ್ ಕೆರೆಯ ಹತ್ತಿರ ಉಪವಾಸ, ಧ್ಯಾನ, ಹಾಡು ಅಂತ ಬದುಕುತ್ತಿದ್ದ ತೆರಪ್ಯೂಟರು ಎಂಬ ಗುಂಪಿನ ಬಗ್ಗೆ ಫಿಲೋ ಬರೆದಿದ್ದ. ಯುಸೀಬಿಯಸ್ ಓದಿದವನೇ, 'ಇವರು ನಮ್ಮವರೇ' ಅಂದುಬಿಟ್ಟ. ಅವರು ಏಳನೇ ದಿನಕ್ಕೊಮ್ಮೆ ಸೇರುತ್ತಿದ್ದರು, ಮೋಶೆಯನ್ನು ಓದುತ್ತಿದ್ದರು. ಆ ಯೆಹೂದಿ ರೀತಿಯೆಲ್ಲ ಕಣ್ಣಿಗೆ ಬೀಳಲಿಲ್ಲ ಅಂತ ಕಾಣುತ್ತದೆ. ಫಿಲೋ ರೋಮಿನಲ್ಲಿ ಯೇಸುವಿನ ಶಿಷ್ಯ ಪೇತ್ರನನ್ನು ಕಂಡಿದ್ದನಂತೆ ಅಂತಲೂ ಸೇರಿಸಿದ. ಮುಂದೆ ಜೆರೋಮ್ ಎಂಬ ಕ್ರೈಸ್ತ ವಿದ್ವಾಂಸ ಚರ್ಚಿನ 135 ಗಣ್ಯ ಬರಹಗಾರರ ಪಟ್ಟಿಗೆ ಫಿಲೋನನ್ನೂ ಹಾಕಿದ. ನಂತರದ ಗ್ರೀಕ್ ಸಂಗ್ರಹಗಳಲ್ಲಂತೂ ಅವನು 'ಬಿಷಪ್ ಫಿಲೋ'! ಬದುಕಿದ್ದಾಗ ಸಿಕ್ಕದ ಬಡ್ತಿ.

ನಗು ಬರುತ್ತದೆ, ಅಲ್ವಾ? ಆದರೆ ಅವನ ಮನೆಯವರು, ಅಂದರೆ ಯೆಹೂದಿಗಳು, ಅವನನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದರು. 16ನೇ ಶತಮಾನದಲ್ಲಿ ಇಟಲಿಯ ಅಜರ್ಯ ದೆ ರೊಸ್ಸಿ ಎಂಬ ಯೆಹೂದಿ ವಿದ್ವಾಂಸ ಮತ್ತೆ ಹುಡುಕಿ ತೆಗೆಯಬೇಕಾಯಿತು. ಅಷ್ಟು ಕಾಲ ಪ್ರತಿ ಮಾಡಿ ಮಾಡಿ ಕಾಪಾಡಿದ್ದು ಒಯ್ದವರೇ. ಕೆಲವು ಕೃತಿಗಳಂತೂ ಪೂರ್ತಿಯಾಗಿ ಉಳಿದಿರುವುದು ಅರ್ಮೇನಿಯನ್ ಅನುವಾದದಲ್ಲಿ ಮಾತ್ರ. ನನ್ನ ಪುಸ್ತಕವೂ ನನ್ನ ಕಪಾಟಿನಲ್ಲೇ ಇದ್ದಿದ್ದರೆ ಹುಳಕ್ಕೆ ಊಟ ಆಗುತ್ತಿತ್ತೇನೋ.

1889ರಲ್ಲಿ ಈಜಿಪ್ಟಿನ ಕಾಪ್ಟಸ್‌ನಲ್ಲಿ, ಗೋಡೆಯೊಳಗೆ ಬಚ್ಚಿಟ್ಟಿದ್ದ ಹಳೆಯ ಪಪೈರಸ್ ಪುಸ್ತಕವೊಂದು ಸಿಕ್ಕಿತು. ಅದರಲ್ಲಿ ಇದ್ದದ್ದು ಫಿಲೋನ ಎರಡು ಪ್ರಬಂಧ. ಒಳಗೆ ಸುಮ್ನೆ ರದ್ದಿಯ ಹಾಗೆ ತುರುಕಿದ್ದ ಚೂರುಗಳನ್ನು ಬಿಡಿಸಿ ನೋಡಿದರೆ, ಲೂಕನ ಸುವಾರ್ತೆ.