‘ಹಿಡಿ’ ಎಂಬ ಒಂದೇ ಪದ ಸಾಲದು
ಇಂಗ್ಲಿಷಿನ ದಿನಬಳಕೆಯ ಪ್ರತಿ ಕ್ರಿಯಾಪದಕ್ಕೂ ಒಂದೊಂದು ಕನ್ನಡ ಪದವನ್ನು ಬಾಯಿಪಾಠ ಮಾಡಿಸಿದರೆ ಸಾಕು ಎಂದು ಇಂಗ್ಲಿಷ್ ಕಲಿಕೆಯ ಬಗೆಗಿನ ಲೇಖನವೊಂದರಲ್ಲಿ ಲೇಖಕರು ಹೇಳಿದ ಮಾತನ್ನು, ತೀರ್ಥಹಳ್ಳಿಯ ಕಡೆ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳಿದ ನಾನು ಒಪ್ಪಲಾರೆ. ‘ಕ್ಯಾಚ್’ ಎಂದರೆ ‘ಹಿಡಿ’ ಎಂದು ಕಲಿತ ಮಗು, ಕೊಡೆ ಹಿಡಿದು ನಿಂತವನ ಬಗ್ಗೆಯೂ ‘ಕ್ಯಾಚ್’ ಎಂದೇ ಬರೆಯುತ್ತದೆ. ಹೊರಟ ಬಸ್ಸನ್ನೋ ಹೊಳೆಯ ಮೀನನ್ನೋ ಹಿಡಿಯುವ ಆ ಕ್ಷಣ ‘ಕ್ಯಾಚ್’, ಕೈಗೆ ಬಂದದ್ದನ್ನು ಬಿಡದೆ ಇಟ್ಟುಕೊಳ್ಳುವುದು ‘ಹೋಲ್ಡ್’ ಎಂಬ ವ್ಯತ್ಯಾಸವನ್ನು ಉದಾಹರಣೆಗಳ ಮೂಲಕವೇ ತೋರಿಸಬೇಕಾಗುತ್ತದೆ. ಇನ್ನು ಶಿವಮೊಗ್ಗ ತಲುಪಲು ಒಂದೂವರೆ ಗಂಟೆ ‘ಹಿಡಿಯಿತು’ ಎನ್ನುವಲ್ಲಿ ಇಂಗ್ಲಿಷಿಗೆ ಬೇಕಾದದ್ದು ‘ಟೇಕ್’. ಆಷಾಢದಲ್ಲಿ ನಮ್ಮ ಮಲೆನಾಡಿನಲ್ಲಿ ಮಳೆ ‘ಹಿಡಿಯುತ್ತದೆ’ಯಲ್ಲ, ಅದಕ್ಕೆ ಈ ಮೂರೂ ಒದಗುವುದಿಲ್ಲ, ‘ಸೆಟ್ ಇನ್’ ಎಂಬ ಜೋಡುಪದವನ್ನೇ ಬೇರೆಯಾಗಿ ಕಲಿಸಬೇಕು.