ಒಳಗಿನ ಗೆರೆ ಯಾವ ದಿಕ್ಕಿಗಿತ್ತು?

"ನಿಮ್ಮ ಗರ್ಭಕೋಶವನ್ನು ಅಡ್ಡಲಾಗಿ ಕೊಯ್ದಿದ್ದರೋ, ಉದ್ದಕ್ಕೋ?"

ಕೇಳಿದವರು ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯೊಂದರ ಸೂಲಗಿತ್ತಿ. ನಾನು ಹೊಟ್ಟೆಯ ಕೆಳಭಾಗದ ಮೇಲೆ ಕೈಯಿಟ್ಟು "ಅಡ್ಡಲಾಗಿ" ಎಂದೆ. "ಅದು ಚರ್ಮದ ಮೇಲಿನ ಗೆರೆ. ಅದನ್ನು ನೋಡಿ ಒಳಗಿನದನ್ನು ಹೇಳಲು ಬರುವುದಿಲ್ಲ" ಎಂದರು. ಮುಂದಿದ್ದ ಹಾಳೆಯನ್ನು ಮಗುಚಿ, ತಲೆಕೆಳಗಾಗಿಟ್ಟ ಹೂಜಿಯಂಥ ಒಂದು ಚಿತ್ರವನ್ನು ಪೆನ್ಸಿಲಿನಲ್ಲಿ ಬರೆದರು. ಕುತ್ತಿಗೆಯ ಹತ್ತಿರ ಸಣ್ಣದೊಂದು ಅಡ್ಡಗೆರೆ. ಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಚುಕ್ಕೆಗಳ ಇನ್ನೊಂದು ಗೆರೆ. ಅಡ್ಡ ಗೆರೆಯಾಗಿದ್ದರೆ ಮುಂದಿನ ಸಲ ನಾರ್ಮಲ್ ಹೆರಿಗೆಗೆ ಪ್ರಯತ್ನಿಸುವ ಮಾತಾಡಬಹುದು. ಉದ್ದದ್ದಾಗಿದ್ದರೆ ಹೆರಿಗೆ ನೋವಿನ ಹೊತ್ತಿಗೆ ಹಳೆಯ ಗಾಯ ಬಿರಿಯುವ ಭಯ ಹೆಚ್ಚು, ಆಗ ಆ ಮಾತನ್ನೇ ಎತ್ತುವುದಿಲ್ಲ ಎಂದರು.

ನನ್ನ ಮಗಳಿಗೆ ಆಗ ನಾಲ್ಕೂವರೆ ವರ್ಷ. ಅಷ್ಟು ಕಾಲ ನನ್ನ ಮೈಯೊಳಗೇ ಇದ್ದ ಗಾಯ ಯಾವ ದಿಕ್ಕಿನದು ಎಂದು ನನಗೆ ಗೊತ್ತಿರಲಿಲ್ಲ. ಅದನ್ನು ಕೇಳಿ ತಿಳಿದುಕೊಳ್ಳಬೇಕು ಎಂದು ಊರಿನಲ್ಲಿ ಯಾರೂ ಹೇಳಿರಲಿಲ್ಲ.

ಮೊದಲ ಹೆರಿಗೆ ಊರಿನಲ್ಲೇ ಆಯಿತು. ಒಂದೂವರೆ ದಿನದ ನೋವು, ಕೊನೆಯ ಗಳಿಗೆಯಲ್ಲಿ ಸಿಸೇರಿಯನ್. ಮಗು ಹೊರಬಂದ ಮೇಲೆ ಗರ್ಭಕೋಶ ಬಿಗಿಯಾಗಲಿಲ್ಲ, ರಕ್ತ ನಿಲ್ಲಲಿಲ್ಲ. ನನಗೆ ನೆನಪಿರುವುದು ಒಂದು ಸ್ಟೀಲಿನ ತಟ್ಟೆ ನೆಲಕ್ಕೆ ಬಿದ್ದ ಸದ್ದು, ಯಾರೋ ಜೋರಾಗಿ ಹೇಳಿದ ಒಂದು ಔಷಧದ ಹೆಸರು, ಆಮೇಲೆ ಚಳಿ. ಇವತ್ತಿಗೂ ಅಡುಗೆಮನೆಯಲ್ಲಿ ತಟ್ಟೆ ಜಾರಿ ಬಿದ್ದರೆ ನನ್ನ ಕೈಬೆರಳುಗಳು ತಣ್ಣಗಾಗುತ್ತವೆ. ಎಚ್ಚರವಾದಾಗ ಎಲ್ಲರೂ ಒಂದೇ ಮಾತು ಹೇಳಿದರು: "ಮಗು ಚೆನ್ನಾಗಿದೆಯಲ್ಲ, ಇನ್ನೇನು ಬೇಕು?" ಬಾಣಂತನದ ಉದ್ದಕ್ಕೂ, ನೋಡಲು ಬಂದವರೆಲ್ಲರ ಬಾಯಲ್ಲೂ ಅದೇ ಮಾತು. ಮಗುವಿಗೆ ವರ್ಷ ತುಂಬುವಷ್ಟರಲ್ಲಿ ಅದು "ಎರಡನೆಯದು ಯಾವಾಗ?" ಎಂದಾಯಿತು. ಆ ರಾತ್ರಿ ಏನಾಯಿತು ಎಂದು ಕೇಳಿದವರು ಒಬ್ಬರೂ ಇಲ್ಲ. ನಾನೇ ಬಾಯಿ ತೆರೆದರೆ, "ಆದದ್ದಾಯಿತು, ಅದನ್ನು ಯಾಕೆ ಕೆದಕುತ್ತೀಯ? ಮುಂದಿನದನ್ನು ನೋಡು" ಎನ್ನುತ್ತಿದ್ದರು.

ಮುಂದಿನದನ್ನು ನೋಡಬೇಕಾದರೆ ಹಿಂದಿನದು ಗೊತ್ತಿರಬೇಕು. ಕರ್ನಾಟಕದಲ್ಲಿ ಮೂವತ್ತು ವರ್ಷ ಬದುಕಿದ ನಾನು ಅದನ್ನು ಇಲ್ಲಿನ ಒಂದು ಸಣ್ಣ ಕೋಣೆಯಲ್ಲಿ ಕಲಿಯಬೇಕಾಯಿತು.

ಆ ಭೇಟಿ ಒಂದು ಗಂಟೆ ಹತ್ತು ನಿಮಿಷ ನಡೆಯಿತು. ನಾನಿನ್ನೂ ಗರ್ಭಿಣಿಯಾಗಿರಲಿಲ್ಲ, ಆಗಬೇಕೋ ಬೇಡವೋ ಎಂದು ನಾನೂ ಗಂಡನೂ ರಾತ್ರಿಗಳನ್ನು ಕಳೆಯುತ್ತಿದ್ದೆವು. ಹಿಂದಿನ ಹೆರಿಗೆ ಕಷ್ಟದ್ದಾಗಿದ್ದರೆ ಅದನ್ನು ಕೂತು ಬಿಡಿಸಿ ಮಾತಾಡಲೆಂದೇ ಇಲ್ಲಿನ ಅನೇಕ ಹೆರಿಗೆ ಆಸ್ಪತ್ರೆಗಳಲ್ಲಿ ವ್ಯವಸ್ಥೆ ಇದೆ ಎಂದು ನಮ್ಮ ವೈದ್ಯರು ಚೀಟಿ ಬರೆದುಕೊಟ್ಟಿದ್ದರು. ಸೂಲಗಿತ್ತಿ ಕೇಳಿದ ಮೊದಲ ಪ್ರಶ್ನೆ, "ಆ ದಿನದ ಬಗ್ಗೆ ನಿಮಗೆ ಏನು ನೆನಪಿದೆ?" ನಾನು ಅತ್ತೆ. ಅವರು ಗಡಿಯಾರ ನೋಡಲಿಲ್ಲ. ಹೆರಿಗೆಯ ನಂತರ ನೂರಕ್ಕೆ ನಾಲ್ಕೈದು ಹೆಂಗಸರಲ್ಲಿ, ಅಪಘಾತದಿಂದ ಪಾರಾದವರಲ್ಲಿ ಕಾಣುವಂಥದ್ದೇ ಆಘಾತ ಉಳಿದುಬಿಡುತ್ತದೆ, ಮಗು ಆರೋಗ್ಯವಾಗಿದ್ದರೂ ಅದು ಬರಬಹುದು ಎಂದರು. ತಟ್ಟೆಯ ಸದ್ದಿನ ವಿಷಯವನ್ನು ನಾನು ಬೇರೊಬ್ಬರ ಮುಂದೆ ಹೇಳಿದ್ದು ಅದೇ ಮೊದಲು. ಅವರು ಅದನ್ನೂ ಬರೆದುಕೊಂಡರು.

ಆಮೇಲೆ ಲೆಕ್ಕದ ಮಾತು. ಒಂದು ಸಿಸೇರಿಯನ್ ಆದವರು ಮುಂದಿನ ಸಲ ನಾರ್ಮಲ್ ಹೆರಿಗೆಗೆ ಪ್ರಯತ್ನಿಸಿದರೆ ನೂರರಲ್ಲಿ 72ರಿಂದ 75 ಮಂದಿಗೆ ಅದು ಸಾಧ್ಯವಾಗುತ್ತದೆ. ಗರ್ಭಕೋಶದ ಹಳೆಯ ಗಾಯ ಬಿರಿಯುವುದು ಸುಮಾರು 200ರಲ್ಲಿ ಒಬ್ಬರಿಗೆ. ಮತ್ತೆ ಸಿಸೇರಿಯನ್ ಬೇಕೆಂದರೆ ಅದನ್ನೂ ಕೇಳಬಹುದು. ಆದರೆ ಸಿಸೇರಿಯನ್ ಹೆಚ್ಚಿದಂತೆ, ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯದ ಜಾಗಕ್ಕೇ ಕಚ್ಚಿಕೊಳ್ಳುವ ಅಪಾಯ ಹೆಚ್ಚುತ್ತದೆ, ಮೂರನೆಯ ಮಗುವಿನ ಆಸೆಯಿದ್ದರೆ ಅದನ್ನೂ ಈಗಲೇ ತೂಗಿ ನೋಡಿ ಎಂದರು. ಒಮ್ಮೆ ರಕ್ತಸ್ರಾವವಾದವರಿಗೆ ಮತ್ತೆ ಆಗುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಹಾಗಾಗಿ ಮೊದಲ ತಿಂಗಳುಗಳಿಂದಲೇ ರಕ್ತಹೀನತೆಯ ಪರೀಕ್ಷೆ ಮತ್ತು ಕಬ್ಬಿಣದ ಮಾತ್ರೆ, ಐದನೆಯ ತಿಂಗಳ ಸ್ಕ್ಯಾನಿನಲ್ಲಿ ಮಾಸು ಎಲ್ಲಿ ಕೂತಿದೆ ಎಂದು ನೋಡುವುದು, ವೈದ್ಯರೂ ರಕ್ತವೂ ಕೈಗೆಟಕುವ ಆಸ್ಪತ್ರೆಯಲ್ಲೇ ಹೆರಿಗೆ, ನೋವು ಶುರುವಾದಾಗಲೇ ಕೈಗೆ ಸೂಜಿ, ಮಗು ಹುಟ್ಟಿದ ಕ್ಷಣದಲ್ಲಿ ಗರ್ಭಕೋಶ ಬಿಗಿಯಾಗುವ ಔಷಧ. ಇಷ್ಟನ್ನೂ ನನ್ನ ಮುಂದೆಯೇ ಬರೆದರು. ನಾಲ್ಕೂವರೆ ವರ್ಷ ಕಪ್ಪು ಬಾವಿಯ ಹಾಗಿದ್ದ ಒಂದು ಭಯಕ್ಕೆ ಮೊದಲ ಬಾರಿಗೆ ಮೆಟ್ಟಿಲು ಕಂಡವು.

ಈ ಯೋಜನೆಯ ಮೇಲ್ಭಾಗದಲ್ಲಿ ಮಾತ್ರ ಒಂದು ಜಾಗ ಖಾಲಿ ಉಳಿಯಿತು: ಛೇದದ ಬಗೆ. ನನ್ನಲ್ಲಿದ್ದದ್ದು ಒಂದೇ ಪುಟದ ಡಿಸ್ಚಾರ್ಜ್ ಸಮರಿ. ಅದರಲ್ಲಿ ಸಿಸೇರಿಯನ್ ಎಂದಿತ್ತು, ಮಗುವಿನ ತೂಕವಿತ್ತು, ಎರಡು ಯೂನಿಟ್ ರಕ್ತ ಕೊಡಲಾಗಿದೆ ಎಂದಿತ್ತು. ರಬ್ಬರ್ ಮೊಹರು ಅಲುಗಿ, ಮಾತ್ರೆಗಳ ಹೆಸರಿನ ಮೇಲೆ ಹರಡಿಕೊಂಡಿತ್ತು. ಆಪರೇಷನ್ ಕೋಣೆಯಲ್ಲಿ ಬರೆದ ಟಿಪ್ಪಣಿ ಬೇಕು, ಊರಿಗೆ ಕೇಳಿ ತರಿಸಿ ಎಂದರು ಸೂಲಗಿತ್ತಿ.

ಆಸ್ಪತ್ರೆಗೆ ಫೋನ್ ಮಾಡಿದೆ. ಕೇಳಿಸಿಕೊಂಡವರ ಮೊದಲ ಪ್ರಶ್ನೆ, "ಕೇಸ್ ಏನಾದರೂ ಹಾಕುತ್ತಿದ್ದೀರಾ, ಮೇಡಂ?" ಎರಡನೆಯ ಮಗುವಿಗಾಗಿ ಕೇಳುತ್ತಿದ್ದೇನೆ ಎಂದೆ. "ಅದಕ್ಕೆ ಹಳೆಯ ಫೈಲು ಯಾಕೆ? ಬನ್ನಿ, ನಾವೇ ಹೆರಿಗೆ ಮಾಡಿಸುತ್ತೇವೆ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು ಎನ್ನುವುದು ಧ್ವನಿಯಲ್ಲಿ ತಿಳಿಯುತ್ತಿತ್ತು. ಆದರೆ ನನ್ನ ಮೈಯ ವಿಷಯ ನನ್ನ ಕೈಯಲ್ಲಿರಬೇಕು ಎಂಬ ಮಾತು ಅವರಿಗೆ ಎಷ್ಟು ಹೇಳಿದರೂ ಮುಟ್ಟಲಿಲ್ಲ. ಮೂರನೆಯ ಸಲ ಫೋನ್ ಮಾಡಿದಾಗ "ಮೂರು ವರ್ಷದ ಮೇಲಿನದ್ದನ್ನು ಇಟ್ಟಿರುವುದಿಲ್ಲ" ಎಂಬ ಉತ್ತರ ಬಂತು.

ಆ ಉತ್ತರ ನಿಯಮಕ್ಕೆ ಸರಿಯಾಗಿಯೇ ಇತ್ತು, ನನ್ನ ಸಿಟ್ಟು ಇರುವುದೂ ಅಲ್ಲಿಯೇ. ಭಾರತದ ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿ, ದಾಖಲೆಗಳನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಟ್ಟುಕೊಳ್ಳಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎನ್ನುತ್ತದೆ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಹೆರಿಗೆಯ ದಾಖಲೆಗಳನ್ನು 25 ವರ್ಷ ಇಡುತ್ತಾರೆ, ಅದೂ ಕೊನೆಯ ಮಗು ಹುಟ್ಟಿದ ಲೆಕ್ಕದಿಂದ. ಒಂದು ಹೆರಿಗೆಯ ಕಾಗದ ಮುಂದಿನ ಹೆರಿಗೆಗೆ ಬೇಕಾಗುತ್ತದೆ ಎಂಬ ತಿಳಿವಳಿಕೆ ಆ 25ರಲ್ಲಿದೆ. ಹೆರಿಗೆಯಾದ ಮೇಲೆ ಕನಿಷ್ಠ ಎರಡು ವರ್ಷ ಬಿಟ್ಟು ಮುಂದಿನ ಬಸಿರಿಗೆ ಯೋಚಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಮಾತು ಕೇಳಿ ಎರಡು ವರ್ಷ ಕಾದು, ಇನ್ನೂ ಸ್ವಲ್ಪ ಧೈರ್ಯ ಬರಲೆಂದು ಕಾದವಳಿಗೆ, ಧೈರ್ಯ ಬರುವ ಹೊತ್ತಿಗೆ ಕಾಗದ ಇರುವುದಿಲ್ಲ. ಹೆರಿಗೆ ಕಷ್ಟವಾದಷ್ಟೂ ಧೈರ್ಯ ತಡವಾಗುತ್ತದೆ, ಹಾಗಾಗಿ ಕಾಗದ ಎಲ್ಲರಿಗಿಂತ ಹೆಚ್ಚು ಬೇಕಾದವಳಿಗೇ ಅದು ಸಿಗುವುದಿಲ್ಲ. ಮೂರು ವರ್ಷ ಎಂದು ಬರೆದವರು ಒಬ್ಬ ತಾಯಿಯನ್ನು ಕೇಳಿದ್ದರೂ ಸಾಕಿತ್ತು.

ಸೂಲಗಿತ್ತಿ ಎಂಬ ಪದವನ್ನು ಇಲ್ಲಿ ಬಳಸುವಾಗ ನನಗೆ ನೋವಾಗುತ್ತದೆ. ಅದು ನಮ್ಮ ಪದ. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಹೆರಿಗೆ ಮನೆಯಿಂದ ಆಸ್ಪತ್ರೆಗೆ ಹೋದದ್ದು ಒಳ್ಳೆಯದೇ ಆಯಿತು. ಮನೆಯಲ್ಲಾಗಿದ್ದರೆ ನಾನು ಇದನ್ನು ಬರೆಯಲು ಇರುತ್ತಿರಲಿಲ್ಲ. ಆದರೆ ಹೆರುವವಳ ಪಕ್ಕದಲ್ಲೇ ಕೂತು, ಅವಳ ಹಿಂದಿನ ಹೆರಿಗೆಯನ್ನು ಬಲ್ಲ ಆ ಹೆಂಗಸನ್ನು ನಾವು ಆಸ್ಪತ್ರೆಯೊಳಗೆ ಕರೆದುಕೊಂಡು ಬರಲಿಲ್ಲ. ಇವರು ಅವಳಿಗೆ ಓದು ಕಲಿಸಿ, ಸಮವಸ್ತ್ರ ತೊಡಿಸಿ, ಒಳಗೆ ಕುರ್ಚಿ ಕೊಟ್ಟರು.

ಇಷ್ಟು ಬರೆದು ನಿಲ್ಲಿಸಿದರೆ ನನಗೆ ಸಮಾಧಾನವೇನೋ ಆಗುತ್ತದೆ. ಆದರೆ ಪೂರ್ತಿ ಹೇಳಿದಂತಾಗುವುದಿಲ್ಲ.

ಇಲ್ಲಿಯೂ ಎಲ್ಲರಿಗೂ ಆ ಒಂದು ಗಂಟೆ ಹತ್ತು ನಿಮಿಷ ಸಿಗುವುದಿಲ್ಲ. 2023ರ ಅಕ್ಟೋಬರಿನಲ್ಲಿ ಇಲ್ಲಿ ಆಗ ಸಂಸದೆಯಾಗಿದ್ದ ಥಿಯೋ ಕ್ಲಾರ್ಕ್ ತಮ್ಮ ಹೆರಿಗೆಯಲ್ಲಾದ ಸೀಳು ಮತ್ತು ರಕ್ತಸ್ರಾವವನ್ನು ಸಂಸತ್ತಿನಲ್ಲೇ ಹೇಳಿಕೊಂಡರು. ಅದಾದ ಮೇಲೆ ನಡೆದ ಸಂಸದರ ವಿಚಾರಣೆಗೆ 1,300ಕ್ಕೂ ಹೆಚ್ಚು ಅನುಭವಗಳು ಬಂದವು. 2024ರ ಮೇ ತಿಂಗಳಲ್ಲಿ ಹೊರಬಂದ ಅದರ ವರದಿಯಲ್ಲಿ, ನೋವು ಹೇಳಿಕೊಂಡರೂ ಯಾರೂ ಕಿವಿಗೊಡಲಿಲ್ಲ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ನನಗೆ ಸಿಕ್ಕ ಸೂಲಗಿತ್ತಿ ಒಳ್ಳೆಯವರು. ಎಲ್ಲರೂ ಹಾಗಲ್ಲ ಎಂದು ಇದೇ ಊರಿನ ನನ್ನ ಗೆಳತಿಯೊಬ್ಬಳು ಅಳುತ್ತಾ ಹೇಳಿದ್ದಾಳೆ.

ಊರಿನ ಪರವಾಗಿಯೂ ಹೇಳಲೇಬೇಕಾದದ್ದಿದೆ. ಕರ್ನಾಟಕದಲ್ಲಿ 2001–03ರಲ್ಲಿ ಲಕ್ಷ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಆ ಸಂಖ್ಯೆ 69ಕ್ಕೆ ಇಳಿದಿತ್ತು. ಬದುಕಿ ಉಳಿದವರಲ್ಲಿ ನಾನೂ ಒಬ್ಬಳು. ಆ ರಾತ್ರಿ ನನ್ನನ್ನು ಉಳಿಸಿದ ಕೈಗಳು ಬೇಗ ಕೆಲಸ ಮಾಡಿದವು, ಬರೆದಿಡಲು ಅವಕ್ಕೆ ಹೊತ್ತಿರಲಿಲ್ಲ ಎಂದು ನಾನು ಅಂದುಕೊಂಡಿದ್ದೆ. ಬರೆದಿಟ್ಟಿದ್ದರು. ನನ್ನ ತಮ್ಮ ಖುದ್ದಾಗಿ ಹೋಗಿ ನಿಂತಾಗ, ವಯಸ್ಸಾದ ಸಿಸ್ಟರ್ ಒಬ್ಬರು ಎರಡು ಮಧ್ಯಾಹ್ನ ರೆಕಾರ್ಡ್ ರೂಮಿನಲ್ಲಿ ಕೂತು, ಗಂಟು ಬಿಚ್ಚಿ ಬಿಚ್ಚಿ ನನ್ನ ಫೈಲನ್ನು ಹುಡುಕಿಕೊಟ್ಟರು. ನಿಯಮದ ಪ್ರಕಾರ ಅದು ಇರಬೇಕಾದ್ದೇ ಇಲ್ಲ, ಹುಡುಕುವುದು ಅವರ ಕೆಲಸವೂ ಆಗಿರಲಿಲ್ಲ. "ಅಕ್ಕನಿಗೆ ಹೇಳು, ಹೆದರಬೇಡ ಎಂದು" ಎಂದು ತಮ್ಮನ ಕೈಯಲ್ಲಿ ಹೇಳಿ ಕಳಿಸಿದರು. ಟಿಪ್ಪಣಿ ಅಚ್ಚುಕಟ್ಟಾಗಿತ್ತು: ಗರ್ಭಕೋಶದ ಕೆಳಭಾಗದಲ್ಲಿ ಅಡ್ಡ ಛೇದ, ಎಡ ತುದಿಯಲ್ಲಿ ಕೆಳಕ್ಕೆ ಸೀಳು, ಎರಡು ಪದರ ಹೊಲಿಗೆ, ಮೂರು ಯೂನಿಟ್ ರಕ್ತ.

ಮೂರೋ ಎರಡೋ ಎಂಬ ಗೊಂದಲಕ್ಕೆ ಅಮ್ಮನಿಗೆ ಫೋನ್ ಮಾಡಿದೆ. "ಮೂರು" ಎಂದಳು, ತಡವರಿಸದೆ. ಬ್ಲಡ್ ಬ್ಯಾಂಕಿನಲ್ಲಿ ಬದಲಿಗೆ ರಕ್ತ ಕೊಡಿ ಎಂದಾಗ ರಾತ್ರಿ ಎರಡು ಗಂಟೆಗೆ ಬಂದವರ ಹೆಸರನ್ನು ಒಂದೊಂದಾಗಿ ಹೇಳಿದಳು: ದೊಡ್ಡಪ್ಪನ ಮಗ, ತಮ್ಮನ ಜೊತೆ ಕ್ರಿಕೆಟ್ ಆಡುವ ಹುಡುಗ, ನಾವು ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಪಕ್ಕದ ಮನೆಯವರ ಅಳಿಯ. ನನಗೆ ಇದು ಯಾವುದೂ ತಿಳಿದಿರಲಿಲ್ಲ. ಇಲ್ಲಿ ರಕ್ತ ಬೇಕಾದರೆ ಯಾರೂ ಓಡಬೇಕಿಲ್ಲ, ಅದೇ ಸರಿಯಾದ ವ್ಯವಸ್ಥೆ. ಆದರೂ ಆ ಮೂರು ಹೆಸರು ಕೇಳಿದ ಮೇಲೆ ನಾನು ಬಹಳ ಹೊತ್ತು ಮಾತಾಡಲಿಲ್ಲ.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಮ್ಮ?"

"ಹೇಳಿದರೆ ಇನ್ನೊಂದು ಮಗುವಿಗೆ ಹೆದರಿಕೊಳ್ಳುತ್ತೀಯ ಎಂದು."

ಹೇಳದೇ ಇದ್ದದ್ದಕ್ಕೇ ಇಷ್ಟು ಹೆದರಿದೆ ಎಂದು ಅವಳಿಗೆ ಹೇಳಲು ನನಗೆ ಮನಸ್ಸಾಗಲಿಲ್ಲ.

ಎರಡನೆಯ ಭೇಟಿಯಲ್ಲಿ ಸೂಲಗಿತ್ತಿ ಅದೇ ಹಳೆಯ ಚಿತ್ರವನ್ನು ತೆಗೆದು, ಚುಕ್ಕೆಗಳ ಉದ್ದಗೆರೆಯನ್ನು ರಬ್ಬರಿನಿಂದ ಅಳಿಸಿದರು. ಅಡ್ಡಗೆರೆಯ ಎಡ ತುದಿಯನ್ನು ಪೆನ್ಸಿಲಿನಿಂದ ಸ್ವಲ್ಪ ಕೆಳಕ್ಕೆ ಎಳೆದರು. ಆ ಸೀಳಿನ ವಿಷಯವನ್ನು ಹಿರಿಯ ವೈದ್ಯರು ನೋಡಿ ಹೇಳಬೇಕು, ಆದರೆ ಬಾಗಿಲು ಮುಚ್ಚಿಲ್ಲ ಎಂದರು. ಆ ಸಂಜೆ ವಿಡಿಯೋ ಕರೆಯಲ್ಲಿ ಹಾಳೆಯನ್ನು ಅಮ್ಮನಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು, ಫೋನನ್ನು ಮುಖದ ಹತ್ತಿರ ತಂದು ನೋಡಿದಳು.

"ಎಡಗಡೆ ಸೀಳಿತ್ತು ಎಂದು ಡಾಕ್ಟರಮ್ಮ ಆವತ್ತೇ ಹೇಳಿದ್ದರು" ಎಂದಳು. "ಹೊರಗೆ ಬಂದು, ನನಗೂ ನಿನ್ನ ಅಪ್ಪನಿಗೂ, ನಿನ್ನ ಗಂಡನ ಮನೆಯವರಿಗೂ ಬಿಡಿಸಿ ಬಿಡಿಸಿ ಹೇಳಿದ್ದರು."